ಗುರುತಿನ ಚೀಟಿಯಲ್ಲಿ ಚೀನಾ

ಚೀನಾ ಎಂದ ಕೂಡಲೇ ನಮ್ಮ ಜನ ಎರಡು ಮಾತು ಆಡುತ್ತಾರೆ. ಅಲ್ಲಿ ಜನ ಜಾಸ್ತಿ ಎನ್ನುವುದು ಒಂದು, ಎಲ್ಲರೂ ಒಂದೇ ಥರ ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳಲ್ಲ, ಆದರೆ ಸ್ವಲ್ಪ ಹಳೆಯದಾಯಿತು. ವಿಶ್ವಸಂಸ್ಥೆಯ ಅಂದಾಜಿನಂತೆ 2023ರ ಏಪ್ರಿಲ್‌ನಲ್ಲಿ ಭಾರತ ಚೀನಾವನ್ನು ಹಿಂದೆ ಹಾಕಿತು. ಅದಕ್ಕೂ ಮುಂಚೆ, 2022ರಲ್ಲೇ ಚೀನಾದ ಜನಸಂಖ್ಯೆ ಇಳಿಯಲು ಶುರುವಾಗಿತ್ತು. ಎರಡನೆಯ ಮಾತು ದೂರ ನಿಂತು ನೋಡುವವರದು. ಹತ್ತಿರ ಹೋದಷ್ಟೂ ಅದು ನಿಲ್ಲುವುದಿಲ್ಲ.

ಹೊಸದಾಗಿ ಚೀನಾ ಸಮಾಜವನ್ನು ತಿಳಿಯಲು ಹೊರಟವರಿಗೆ ನಾನು ಅಂಕಿಅಂಶಗಳ ದಪ್ಪ ಪುಸ್ತಕ ತೋರಿಸುವುದಿಲ್ಲ. ಅಲ್ಲಿನ ಪ್ರತಿ ವಯಸ್ಕರ ಜೇಬಿನಲ್ಲೂ ಇರುವ ಗುರುತಿನ ಚೀಟಿಯನ್ನು ಓದೋಣ ಎನ್ನುತ್ತೇನೆ. ಎಟಿಎಂ ಕಾರ್ಡಿನ ಅಳತೆಯ ಚೀಟಿ ಅದು. ಬಲಕ್ಕೆ ಫೋಟೊ. ಎಡಕ್ಕೆ ಮೇಲಿನಿಂದ ಕೆಳಗೆ ಹೆಸರು, ಲಿಂಗ, ಜನಾಂಗ, ಹುಟ್ಟಿದ ದಿನ, ವಿಳಾಸ. ತಳದಲ್ಲಿ 18 ಅಂಕಿಗಳ ಒಂದು ಸಂಖ್ಯೆ. ನಮ್ಮ ಪಾಠಕ್ಕೆಂದು ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ: ಹೆಸರು ವಾಂಗ್, ಜನಾಂಗ ಹಾನ್, ಹುಟ್ಟಿದ್ದು 1963ರಲ್ಲಿ, ವಿಳಾಸ ಹೆನಾನ್ ಪ್ರಾಂತದ ಒಂದು ಹಳ್ಳಿ.

ಮೊದಲು ಹೆಸರು. ಚೀನಾದಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಷಿ ಜಿನ್‌ಪಿಂಗ್ ಎನ್ನುವಲ್ಲಿ ಷಿ ಎಂಬುದು ಮನೆತನ. ವಾಂಗ್, ಲಿ, ಝಾಂಗ್, ಲಿಯು, ಚೆನ್ ಈ ಐದು ಮನೆತನದ ಹೆಸರುಗಳೊಳಗೇ ದೇಶದ ಶೇ. 30ರಷ್ಟು ಜನ ಬಂದುಬಿಡುತ್ತಾರೆ. ವಾಂಗ್‌ಗಳೂ ಲಿಗಳೂ ತಲಾ ಹತ್ತು ಕೋಟಿಯ ಆಚೆ ಇದ್ದಾರೆ. ಮದುವೆಯಾದ ಮೇಲೆ ಹೆಣ್ಣು ತನ್ನ ಮನೆತನದ ಹೆಸರನ್ನು ಬಿಡುವುದಿಲ್ಲ, ಆದರೆ ಮಕ್ಕಳಿಗೆ ಸಾಮಾನ್ಯವಾಗಿ ತಂದೆಯದೇ. ಕಾನೂನು ತಾಯಿಯ ಹೆಸರನ್ನೂ ಒಪ್ಪುತ್ತದೆ. ಒಬ್ಬಳೇ ಮಗಳಿರುವ ಮನೆಗೂ ಒಬ್ಬನೇ ಮಗನಿರುವ ಮನೆಗೂ ಸಂಬಂಧ ಬೆಳೆದಾಗ, ಹುಟ್ಟುವ ಒಂದು ಕೂಸಿಗೆ ಯಾರ ಹೆಸರು ಎಂಬ ಜಗಳ ಈಗ ಅಪರೂಪವಲ್ಲ.

ಹಿಂದೆ ಒಂದು ಕುಲದವರು ತಮ್ಮ ವಂಶಾವಳಿ ಪುಸ್ತಕದಲ್ಲಿ ತಲೆಮಾರಿಗೊಂದು ಅಕ್ಷರ ಗೊತ್ತುಮಾಡಿಡುತ್ತಿದ್ದರು. ಅಣ್ಣತಮ್ಮಂದಿರು, ದಾಯಾದಿ ಮಕ್ಕಳು ಎಲ್ಲರ ಹೆಸರಿನಲ್ಲೂ ಅದೇ ಅಕ್ಷರ. ಎಂದೂ ಕಾಣದ ಇಬ್ಬರು ಭೇಟಿಯಾದರೂ ಯಾರು ಚಿಕ್ಕಪ್ಪ, ಯಾರು ಮಗ ಎಂಬುದು ಹೆಸರಿನಿಂದಲೇ ಗೊತ್ತಾಗುತ್ತಿತ್ತು. ಕನ್‌ಫ್ಯೂಷಿಯಸ್‌ನ ಕುಲದವರು ಇದನ್ನು ಇನ್ನೂ ಪಾಲಿಸುತ್ತಾರೆ. 2009ರಲ್ಲಿ ಪರಿಷ್ಕರಿಸಿದ ಅವರ ವಂಶಾವಳಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಹೆಣ್ಣುಮಕ್ಕಳ ಹೆಸರು ಸೇರಿದ್ದು ಅದರಲ್ಲೇ ಮೊದಲು. ನಮ್ಮಲ್ಲಿ ಸಗೋತ್ರ ಮದುವೆ ಹೇಗೆ ಕೂಡದೋ ಹಾಗೆ ಅಲ್ಲಿ ಒಂದೇ ಮನೆತನದ ಹೆಸರಿನವರು ಮದುವೆಯಾಗುವುದು ಸಾಮ್ರಾಟರ ಕಾಲದಲ್ಲಿ ಅಪರಾಧವೇ ಆಗಿತ್ತು. ಹತ್ತು ಕೋಟಿ ವಾಂಗ್‌ಗಳಿರುವಾಗ ಈಗ ಅದನ್ನು ಹಿಡಿದು ಕೂರುವಂತಿಲ್ಲ. ಆದರೆ ಸೋದರಮಾವನ ಮಗಳನ್ನೋ ಅತ್ತೆಯ ಮಗನನ್ನೋ ತಂದುಕೊಳ್ಳುವ, ನಮಗೆ ತೀರ ಸಹಜವಾದ ಸಂಬಂಧವನ್ನು ಅಲ್ಲಿನ 1980ರ ವಿವಾಹ ಕಾನೂನು ನಿಷೇಧಿಸಿತು.

ಸಮಾಜಶಾಸ್ತ್ರಜ್ಞ ಫೈ ಷಿಯಾವ್‌ಟಾಂಗ್ ಈ ಬಂಧುತ್ವದ ಬಗ್ಗೆ 1940ರ ದಶಕದಲ್ಲೇ ಒಂದು ಮಾತು ಹೇಳಿದ್ದರು. ನೀರಿಗೆ ಕಲ್ಲು ಬಿದ್ದಾಗ ಎದ್ದ ಅಲೆಯ ಸುತ್ತುಗಳಂತೆ ಚೀನೀಯನ ಸಂಬಂಧಗಳು ತನ್ನಿಂದ ಹೊರಟು ಹಬ್ಬುತ್ತವೆ, ಸುತ್ತು ದೂರವಾದಷ್ಟೂ ಹೊಣೆಯೂ ತೆಳುವಾಗುತ್ತದೆ ಎಂಬುದು ಅದರ ಸಾರ. ಚೀನಾದ ಆಫೀಸು, ವ್ಯಾಪಾರ, ಶಿಫಾರಸುಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಸರಳವಾದ ಬೀಗದಕೈ ನನಗೆ ಸಿಕ್ಕಿಲ್ಲ.

ಎರಡನೆಯ ಸಾಲು ಲಿಂಗ. 2020ರ ಜನಗಣತಿಯ ಪ್ರಕಾರ ಅಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು ಮೂರೂವರೆ ಕೋಟಿ ಹೆಚ್ಚು. ಸಹಜವಾಗಿ 100 ಹೆಣ್ಣುಮಕ್ಕಳಿಗೆ 105-106 ಗಂಡುಮಕ್ಕಳು ಹುಟ್ಟುತ್ತಾರೆ. ಚೀನಾದಲ್ಲಿ ಅದು 2010ರ ಗಣತಿಯ ಹೊತ್ತಿಗೆ 118ರ ಸಮೀಪವಿತ್ತು, 2020ಕ್ಕೆ 111ಕ್ಕೆ ಇಳಿದಿದೆ. ಮಗ ಬೇಕೆಂಬ ಹಳೆಯ ಹಂಬಲ, ಒಂದೇ ಮಗು ಎಂಬ ಸರ್ಕಾರದ ಕಟ್ಟಳೆ, 1980ರ ದಶಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಬಂದ ಸ್ಕ್ಯಾನಿಂಗ್ ಯಂತ್ರ, ಈ ಮೂರೂ ಕೂಡಿ ಆದ ಅನಾಹುತ ಇದು. ಗಣತಿಯಲ್ಲಿ ಕಾಣೆಯಾದ ಹೆಣ್ಣುಮಕ್ಕಳಲ್ಲಿ ಒಂದು ಪಾಲು ಹುಟ್ಟದೇ ಹೋದವರಲ್ಲ, ಲೆಕ್ಕಕ್ಕೆ ಬರೆಸದೇ ಬಚ್ಚಿಟ್ಟವರು. ಶಾಲೆಗೆ ಸೇರಿಸುವ ವಯಸ್ಸಿಗೆ ಅವರ ಹೆಸರು ಕಾಣಿಸಿಕೊಂಡಿತು. ಇನ್ನು ಕೆಲವರು ಪರದೇಶ ಸೇರಿದರು. 1990ರ ದಶಕದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಚೀನೀ ಮಕ್ಕಳು ಹೊರದೇಶಗಳಿಗೆ ದತ್ತು ಹೋದರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ಆ ಬಾಗಿಲನ್ನು 2024ರಲ್ಲಿ ಚೀನಾ ಮುಚ್ಚಿತು. ಈಗ ಹಳ್ಳಿಗಳಲ್ಲಿ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಕೊಡುವ ತೆರ ಏರುತ್ತಲೇ ಇದೆ, ಬಡವರ ಮನೆಯ ಗಂಡುಮಕ್ಕಳು ಮದುವೆಯಿಲ್ಲದೆ ಉಳಿಯುತ್ತಿದ್ದಾರೆ.

ಮೂರನೆಯ ಸಾಲು ಜನಾಂಗ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಚೀನಾ ಸರ್ಕಾರದ ಲೆಕ್ಕದಲ್ಲಿ ದೇಶದಲ್ಲಿ 56 ಜನಾಂಗಗಳಿವೆ. ಹಾನ್ ಜನಾಂಗವೊಂದೇ ಶೇ. 91. ಉಳಿದ 55 ಸೇರಿ ಶೇ. 9ಕ್ಕೂ ಕಡಿಮೆ, ಆದರೆ ಆ ಸಣ್ಣ ಪಾಲೇ ಹನ್ನೆರಡೂವರೆ ಕೋಟಿ ಜನ. ಗ್ವಾಂಗ್‌ಷಿಯ ಜುವಾಂಗರು ಎರಡು ಕೋಟಿಯ ಸಮೀಪ. ಉಯ್ಗುರ್, ಹುಯಿ, ಮಿಯಾವ್, ಮಂಚು ಜನಾಂಗಗಳು ತಲಾ ಒಂದು ಕೋಟಿಯ ಮೇಲೆ. ಬೈಲಕುಪ್ಪೆ, ಮುಂಡಗೋಡುಗಳಿಂದ ನಮಗೆ ಪರಿಚಿತರಾದ ಟಿಬೆಟನ್ನರ ಸಂಖ್ಯೆ ಅಲ್ಲಿ ಸುಮಾರು 70 ಲಕ್ಷ. ಇನ್ನೊಂದು ತುದಿಯಲ್ಲಿ ಟಾಟಾರರಂಥ ಜನಾಂಗಗಳು ಕೆಲವೇ ಸಾವಿರ.

ಈ 56 ಎಂಬ ಸಂಖ್ಯೆ ಎಲ್ಲಿಂದ ಬಂತು? 1953ರ ಮೊದಲ ಜನಗಣತಿಯಲ್ಲಿ ನಿಮ್ಮ ಜನಾಂಗ ಯಾವುದು ಎಂದು ಕೇಳಿ, ಜನ ಹೇಳಿದ್ದನ್ನೇ ಬರೆದುಕೊಂಡರು. ನಾನೂರಕ್ಕೂ ಹೆಚ್ಚು ಹೆಸರುಗಳು ಬಂದವು, ಅದರಲ್ಲಿ ಬಹುಪಾಲು ಯುನ್ನಾನ್ ಎಂಬ ಒಂದೇ ಪ್ರಾಂತದಿಂದ. ಇಷ್ಟೊಂದು ಗುಂಪುಗಳಿಗೆ ಪ್ರಾತಿನಿಧ್ಯ ಕೊಡುವುದು ಆಗದ ಮಾತೆಂದು ಭಾಷಾತಜ್ಞರನ್ನೂ ಮಾನವಶಾಸ್ತ್ರಜ್ಞರನ್ನೂ ಹಳ್ಳಿಗಳಿಗೆ ಕಳಿಸಿದರು. ಅವರು ಭಾಷೆ, ಉಡುಪು, ಆಚಾರ ನೋಡಿ ಯಾರು ಯಾರೊಂದಿಗೆ ಸೇರುತ್ತಾರೆ ಎಂದು ವಿಂಗಡಿಸಿದರು. ಮೇಲೆ ಹೇಳಿದ ಫೈ ಕೂಡ ಈ ಕೆಲಸದಲ್ಲಿದ್ದರು. ಕೊನೆಯದಾಗಿ ಜಿನೋ ಎಂಬ ಜನಾಂಗಕ್ಕೆ 1979ರಲ್ಲಿ ಮಾನ್ಯತೆ ಸಿಕ್ಕಿತು. ಅಲ್ಲಿಗೆ ಪಟ್ಟಿ ಮುಗಿಯಿತು.

ಪಟ್ಟಿ ಜನರನ್ನು ಅಳೆಯುತ್ತದೆ ಎಂದುಕೊಳ್ಳುತ್ತೇವೆ. ಜನರೂ ಪಟ್ಟಿಗೆ ತಕ್ಕಂತೆ ಬದಲಾಗುತ್ತಾರೆ ಎಂಬುದಕ್ಕೆ ಮಂಚುಗಳನ್ನು ನೋಡಿ. 1644ರಿಂದ 1912ರವರೆಗೆ ಚೀನಾವನ್ನು ಆಳಿದ ಕ್ವಿಂಗ್ ವಂಶದವರು ಇವರೇ. 1982ರ ಗಣತಿಯಲ್ಲಿ ಮಂಚುಗಳು 43 ಲಕ್ಷ. 1990ರ ಗಣತಿಯಲ್ಲಿ 98 ಲಕ್ಷ! ಎಂಟು ವರ್ಷದಲ್ಲಿ ಹೆರಿಗೆಯಿಂದ ಇಷ್ಟು ಹೆಚ್ಚುವುದು ಸಾಧ್ಯವೇ ಇಲ್ಲ. ಅಲ್ಪಸಂಖ್ಯಾತರನ್ನೂ ಕಾಡಿದ್ದ ಸಾಂಸ್ಕೃತಿಕ ಕ್ರಾಂತಿಯ ಭಯ ಕಳೆದಿತ್ತು, ಅಲ್ಪಸಂಖ್ಯಾತರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ, ಮಕ್ಕಳ ಸಂಖ್ಯೆಯಲ್ಲಿ ರಿಯಾಯಿತಿ ಇತ್ತು. ಆದ್ದರಿಂದ ಮೊದಲು ಹಾನ್ ಎಂದು ಬರೆಸಿದ್ದವರು ಅಜ್ಜನ ಮೂಲ ಹುಡುಕಿ ಮಂಚು ಎಂದು ಬದಲಾಯಿಸಿಕೊಂಡರು. ಮಂಚು ಭಾಷೆಯನ್ನು ಮನೆಮಾತಾಗಿ ಆಡುವವರು ಮಾತ್ರ ಅಷ್ಟರಲ್ಲಿ ಬೆರಳೆಣಿಕೆಗೆ ಇಳಿದಿದ್ದರು. ಮಿಶ್ರ ವಿವಾಹದ ಮಕ್ಕಳು ಅಪ್ಪನ ಜನಾಂಗವನ್ನಾದರೂ ಅಮ್ಮನದನ್ನಾದರೂ ಆರಿಸಿಕೊಳ್ಳಬಹುದು. ಎರಡನ್ನೂ ಬರೆಸುವಂತಿಲ್ಲ. ಪರೀಕ್ಷೆಯ ಹೆಚ್ಚುವರಿ ಅಂಕಗಳನ್ನು ಈಗ ಒಂದೊಂದೇ ಪ್ರಾಂತದಲ್ಲಿ ಕಡಿಮೆ ಮಾಡುತ್ತಿದ್ದಾರೆ.

ಐದು ಸ್ವಾಯತ್ತ ಪ್ರದೇಶಗಳಿವೆ: ಒಳ ಮಂಗೋಲಿಯಾ, ಷಿನ್‌ಜಿಯಾಂಗ್, ಗ್ವಾಂಗ್‌ಷಿ, ನಿಂಗ್‌ಷಿಯಾ, ಟಿಬೆಟ್. ಇಂಥ ಕಡೆಗಳ ಗುರುತಿನ ಚೀಟಿಯಲ್ಲಿ ಚೀನೀ ಲಿಪಿಯ ಜೊತೆಗೆ ಸ್ಥಳೀಯ ಲಿಪಿಯೂ ಇರುತ್ತದೆ. ಚೀಟಿಯಲ್ಲಿ ಲಿಪಿಗೆ ಜಾಗವಿದ್ದ ಮಾತ್ರಕ್ಕೆ ಅಧಿಕಾರದಲ್ಲೂ ಜಾಗವಿದೆ ಎಂದು ತಿಳಿಯಬೇಡಿ. ಷಿನ್‌ಜಿಯಾಂಗ್‌ನಲ್ಲಿ 2017ರಿಂದ ಲಕ್ಷಗಟ್ಟಲೆ ಉಯ್ಗುರರನ್ನೂ ಇತರ ಮುಸ್ಲಿಮರನ್ನೂ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅಲ್ಲಿ ನಡೆದದ್ದು ಮಾನವೀಯತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ಅವು ವೃತ್ತಿ ತರಬೇತಿ ಕೇಂದ್ರಗಳು ಎನ್ನುವುದು ಚೀನಾದ ವಾದ.

ಇನ್ನು ಹಾನ್ ಎಂಬ ಆ ಶೇ. 91ರೊಳಗೆ ಎಲ್ಲರೂ ಒಂದೇ ಎನ್ನುವಿರಾ? ಶಾಂಘೈನ ಅಜ್ಜಿ ತನ್ನ ವೂ ಭಾಷೆಯಲ್ಲಿ ಮಾತಾಡಿದರೆ ಗ್ವಾಂಗ್‌ಝೌನ ಅಜ್ಜನಿಗೆ ಒಂದು ಮಾತೂ ತಿಳಿಯುವುದಿಲ್ಲ. ಅವನ ಕ್ಯಾಂಟನೀಸ್ ಅವಳಿಗೂ ಅಷ್ಟೇ. ಫುಜಿಯಾನ್‌ನ ಮಿನ್ ನುಡಿಗಳು, ಹಕ್ಕಾ, ಗಾನ್, ಷಿಯಾಂಗ್ ಇನ್ನೂ ಬೇರೆ. ಸರ್ಕಾರ ಇವನ್ನೆಲ್ಲ ಉಪಭಾಷೆ ಎನ್ನುತ್ತದೆ. ಬರೆದರೆ ಮಾತ್ರ ಎಲ್ಲರಿಗೂ ಒಂದೇ ಲಿಪಿ. ಶಾಲೆಯಲ್ಲಿ, ಟಿವಿಯಲ್ಲಿ ಪುತೊಂಗ್‌ಹುವಾ ಎಂಬ ರಾಷ್ಟ್ರಭಾಷೆ. ಬೀಜಿಂಗ್‌ನ ಉಚ್ಚಾರಣೆ ಅದಕ್ಕೆ ಆಧಾರ. ಹತ್ತರಲ್ಲಿ ಎಂಟು ಮಂದಿಗೆ ಈಗ ಅದು ಬರುತ್ತದೆ. ಉತ್ತರದವರಿಗೆ ಗೋಧಿಯ ನೂಡಲ್ಸು, ಮಂಟೌ ಎಂಬ ಹಬೆಯ ಬನ್ನು; ದಕ್ಷಿಣದವರಿಗೆ ಅನ್ನ. ಹುಯಿಗಳ ಮಾತು ಚೀನೀ, ನಂಬಿಕೆ ಇಸ್ಲಾಂ, ಆದ್ದರಿಂದ ಬೇರೆ ಜನಾಂಗ. ಹಕ್ಕಾಗಳ ಮಾತು ಬೇರೆ, ಹಾಡು ಬೇರೆ, ಆದರೂ ಹಾನ್. ಗೆರೆ ಎಲ್ಲಿ ಎಳೆಯಬೇಕೆಂದು ಯಾರೋ ಕೂತು ತೀರ್ಮಾನಿಸಿದ್ದು ಇದರಿಂದಲೇ ಕಾಣುತ್ತದೆ.

ನಾಲ್ಕನೆಯ ಸಾಲು ಹುಟ್ಟಿದ ದಿನ. ಚೀನಾದಲ್ಲಿ ಒಬ್ಬರ ಹುಟ್ಟಿದ ವರ್ಷ ಹೇಳಿದರೆ ಅರ್ಧ ಜಾತಕ ಹೇಳಿದಂತೆ.

1949ರಲ್ಲಿ ಅಲ್ಲಿನ ಸರಾಸರಿ ಆಯಸ್ಸು 35 ವರ್ಷದ ಆಸುಪಾಸು. ಈಗ 78 ದಾಟಿದೆ. ಲಸಿಕೆ, ಶುದ್ಧ ನೀರು, ಹಳ್ಳಿಹಳ್ಳಿ ತಿರುಗಿದ, ಬರಿಗಾಲ ವೈದ್ಯರೆಂಬ ಅಲ್ಪ ತರಬೇತಿಯ ಆರೋಗ್ಯ ಕಾರ್ಯಕರ್ತರಿಂದ ಸಾವು ಇಳಿಯಿತು, ಹುಟ್ಟು ಮೊದಲಿನಂತೆ ಉಳಿಯಿತು. 1953ರಲ್ಲಿ 58 ಕೋಟಿ ಇದ್ದವರು 1982ಕ್ಕೆ ನೂರು ಕೋಟಿ ಮುಟ್ಟಿದರು. ನಡುವೆ ಒಂದು ಕಂದಕವಿದೆ. 1958ರ ಮಹಾ ಮುನ್ನೆಗೆತ (ಗ್ರೇಟ್ ಲೀಪ್ ಫಾರ್ವರ್ಡ್) ಎಂಬ ಸರ್ಕಾರಿ ಅಭಿಯಾನದ ಹುಚ್ಚು ಯೋಜನೆಗಳ ಹಿಂದೆಯೇ ಬಂದ ಕ್ಷಾಮದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂಬ ಅಂದಾಜುಗಳಿವೆ. ಅಂದಾಜುಗಳ ಅಂತರವೇ ಕೋಟಿಗಳಲ್ಲಿದೆ. ಕ್ಷಾಮ ಮುಗಿದದ್ದೇ ತಡ, ಮಕ್ಕಳ ಮಹಾಪೂರ. ನಮ್ಮ ವಾಂಗ್ ಹುಟ್ಟಿದ 1963ರಲ್ಲಿ ಸುಮಾರು 2.9 ಕೋಟಿ ಮಕ್ಕಳು ಹುಟ್ಟಿದರು. ಅಲ್ಲಿ ಒಂದೇ ವರ್ಷದಲ್ಲಿ ಅಷ್ಟು ಮಕ್ಕಳು ಮತ್ತೆಂದೂ ಹುಟ್ಟಿಲ್ಲ.

ಜನಸಂಖ್ಯೆಗೆ ಕಡಿವಾಣ ಬೇಕೆಂದು ಅರ್ಥಶಾಸ್ತ್ರಜ್ಞ ಮಾ ಯಿನ್‌ಚು 1957ರಲ್ಲೇ ಹೇಳಿದ್ದರು. ಅದಕ್ಕೆ ಬೈಗುಳ ತಿಂದು 1960ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷ ಪದವಿ ಕಳೆದುಕೊಂಡರು. 1979ರಲ್ಲಿ ಅವರ ಮೇಲಿನ ಆರೋಪ ತೆಗೆದರು. ಅಷ್ಟರಲ್ಲಿ ಅವರಿಗೆ ತೊಂಬತ್ತು ದಾಟಿತ್ತು, ಸರ್ಕಾರ ಅವರಿಗಿಂತ ಎಷ್ಟೋ ಮುಂದೆ ಹೋಗಿತ್ತು. 1980ರ ಸೆಪ್ಟೆಂಬರ್‌ನಲ್ಲಿ ಪಕ್ಷ ತನ್ನ ಸದಸ್ಯರಿಗೆ ಬಹಿರಂಗ ಪತ್ರ ಬರೆದು ಒಂದೇ ಮಗು ಸಾಕು ಎಂದಿತು. ಹೊಸಬರು ಇಲ್ಲೊಂದು ವಿಷಯ ಗಮನಿಸಬೇಕು. ಜನನ ಪ್ರಮಾಣ ಇಳಿದದ್ದು ಈ ನೀತಿಯಿಂದಲೇ ಎಂದು ಎಲ್ಲರೂ ಹೇಳುತ್ತಾರೆ. ಆದರೆ ತಡವಾಗಿ ಮದುವೆ, ಅಂತರವಿಟ್ಟು ಮಕ್ಕಳು, ಸಂಖ್ಯೆ ಕಡಿಮೆ ಎಂಬ 1970ರ ದಶಕದ ಪ್ರಚಾರದಲ್ಲೇ ಹೆಂಗಸೊಬ್ಬಳಿಗೆ ಆರರ ಸಮೀಪವಿದ್ದ ಮಕ್ಕಳ ಸಂಖ್ಯೆ ಮೂರಕ್ಕಿಂತ ಕೆಳಗೆ ಬಂದಿತ್ತು. ಅಂದರೆ ದೊಡ್ಡ ಇಳಿಕೆ ಮೊದಲೇ ಆಗಿಹೋಗಿತ್ತು. ಬಲವಂತದ ಶಸ್ತ್ರಚಿಕಿತ್ಸೆ, ದಂಡ, ಬಚ್ಚಿಟ್ಟ ಕೂಸುಗಳೆಲ್ಲ ಉಳಿದ ಸಣ್ಣ ಇಳಿಕೆಗಾಗಿ ತೆತ್ತ ಬೆಲೆ.

ನೀತಿಯೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ನಗರದವರಿಗೆ ಕಟ್ಟುನಿಟ್ಟು. ಹಳ್ಳಿಯಲ್ಲಿ ಮೊದಲನೆಯದು ಹೆಣ್ಣಾದರೆ ಬಹುಪಾಲು ಪ್ರಾಂತಗಳಲ್ಲಿ ಇನ್ನೊಂದಕ್ಕೆ ಅನುಮತಿ. ಎಷ್ಟೋ ಅಲ್ಪಸಂಖ್ಯಾತರಿಗೆ ಎರಡು, ಮೂರು. 2016ರಿಂದ ಎಲ್ಲರಿಗೂ ಎರಡು, 2021ರಿಂದ ಮೂರು. ಹೆರಬೇಡಿ ಎಂದರೆ ಕೇಳಿದ ಜನ ಹೆರಿ ಎಂದರೆ ಕೇಳಲಿಲ್ಲ. 2023ರಲ್ಲಿ ಹುಟ್ಟಿದವರು 90 ಲಕ್ಷ ಮಾತ್ರ. 2024 ಡ್ರ್ಯಾಗನ್ ವರ್ಷ, ಆ ವರ್ಷ ಹುಟ್ಟಿದ ಮಕ್ಕಳಿಗೆ ಅದೃಷ್ಟ ಎಂಬ ನಂಬಿಕೆಯಿಂದ ಸಂಖ್ಯೆ ತುಸು ಏರಿತು. ಆದರೆ ಅದೇ ವರ್ಷ ನೋಂದಣಿಯಾದ ಮದುವೆಗಳು 61 ಲಕ್ಷ, ಹಿಂದಿನ ವರ್ಷಕ್ಕಿಂತ ಶೇ. 20ರಷ್ಟು ಕಡಿಮೆ. ಮದುವೆಯಾಗದೆ ಹೆರುವುದು ಅಲ್ಲಿ ಇನ್ನೂ ಅಪರೂಪ, ಆದ್ದರಿಂದ ಮುಂದಿನ ವರ್ಷಗಳ ತೊಟ್ಟಿಲ ಲೆಕ್ಕ ಮದುವೆಯ ರಿಜಿಸ್ಟರಿನಲ್ಲೇ ಸಿಗುತ್ತದೆ. ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವುದಾಗಿ ಸರ್ಕಾರ 2025ರಲ್ಲಿ ಘೋಷಿಸಿದೆ. ಮನೆ ಬಾಡಿಗೆ, ಟ್ಯೂಷನ್ ಫೀಸು ನೋಡಿದವರಿಗೆ ಇದು ಆಸೆ ಹುಟ್ಟಿಸುವ ಮೊತ್ತವೇನಲ್ಲ.

ಮನೆಗಳೂ ಚಿಕ್ಕವಾಗಿವೆ, 2020ರಲ್ಲಿ ಮನೆಗೆ ಸರಾಸರಿ 2.62 ಜನ. ಬಂಧುಬಳಗವೂ ಕಿರಿದಾಗಿದೆ: ನಾಲ್ವರು ಅಜ್ಜ-ಅಜ್ಜಿಯರು, ಇಬ್ಬರು ಅಪ್ಪ-ಅಮ್ಮ, ಕೆಳಗೆ ಒಂದು ಕೂಸು. ಅಣ್ಣ, ಅಕ್ಕ, ಚಿಕ್ಕಪ್ಪ, ಸೋದರತ್ತೆ ಎಂದು ಕರೆಯಲು ಬೇರೆಬೇರೆ ಪದಗಳು ಧಾರಾಳವಾಗಿರುವ ಭಾಷೆಯಲ್ಲಿ ಕರೆಸಿಕೊಳ್ಳುವವರೇ ಕಡಿಮೆಯಾಗುತ್ತಿದ್ದಾರೆ.

ಕೊನೆಯ ಸಾಲು ವಿಳಾಸ. ನನ್ನ ಮಟ್ಟಿಗೆ ಇಡೀ ಚೀಟಿಯಲ್ಲಿ ಅತಿ ಭಾರದ ಸಾಲು ಇದೇ.

ಮೊದಲು ಭೂಪಟ ಬಿಡಿಸಿ. ಈಶಾನ್ಯದ ಹೇಹೆಯಿಂದ ನೈಋತ್ಯದ ತೆಂಗ್‌ಚಾಂಗ್‌ಗೆ ಓರೆಯಾಗಿ ಒಂದು ಗೆರೆ ಎಳೆಯಿರಿ. ಭೂಗೋಳಶಾಸ್ತ್ರಜ್ಞ ಹು ಹುವಾನ್‌ಯಾಂಗ್ 1935ರಲ್ಲಿ ಎಳೆದ ಗೆರೆ ಅದು. ಗೆರೆಯ ಪೂರ್ವಕ್ಕೆ ದೇಶದ ಅರ್ಧಕ್ಕಿಂತ ಕಡಿಮೆ ನೆಲ, ಆದರೆ ನೂರಕ್ಕೆ 94 ಜನ. ಪಶ್ಚಿಮಕ್ಕೆ ಮರುಭೂಮಿ, ಹುಲ್ಲುಗಾವಲು, ಟಿಬೆಟ್ಟಿನ ಎತ್ತರ. ತೊಂಬತ್ತು ವರ್ಷಗಳಲ್ಲಿ ರೈಲು ಬಂತು, ಕಾರ್ಖಾನೆ ಬಂತು, ಗೆರೆ ಮಾತ್ರ ಅಲುಗಲಿಲ್ಲ. ಗ್ವಾಂಗ್‌ಡಾಂಗ್ ಎಂಬ ಒಂದು ಪ್ರಾಂತದಲ್ಲಿ 2020ರ ಗಣತಿಯಂತೆ 12.6 ಕೋಟಿ ಜನ, ಅಂದರೆ 2011ರ ಗಣತಿಯ ಎರಡು ಕರ್ನಾಟಕ. ಇಡೀ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿ ಆಗ 36 ಲಕ್ಷ.

ಇನ್ನು ಹುಕೌ. ಇದು ಮನೆವಾರು ನೋಂದಣಿ. ಪ್ರತಿ ಮನೆಗೂ ಪೊಲೀಸರು ಕೊಡುವ ಕಂದುಗೆಂಪು ರಟ್ಟಿನ ಒಂದು ಸಣ್ಣ ಪುಸ್ತಕವಿರುತ್ತದೆ, ಮನೆಯ ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಹಾಳೆ. 1958ರ ಜನವರಿಯಲ್ಲಿ ಬಂದ ಕಾನೂನು ಜನರನ್ನು ಕೃಷಿಕರು, ಕೃಷಿಕರಲ್ಲದವರು ಎಂದು ಎರಡು ಮಾಡಿತು. ನಗರದವರಿಗೆ ಪಡಿತರ, ಕೆಲಸ, ಮನೆ, ಆಸ್ಪತ್ರೆ ಎಲ್ಲವನ್ನೂ ಸರ್ಕಾರ ಇಲ್ಲವೇ ಕೆಲಸದ ಘಟಕ, ಅಂದರೆ ಅವರು ದುಡಿಯುತ್ತಿದ್ದ ಕಾರ್ಖಾನೆ ಅಥವಾ ಕಚೇರಿ, ಕೊಡುತ್ತಿತ್ತು. ಹಳ್ಳಿಯವರಿಗೆ ಸಾಮೂಹಿಕ ಬೇಸಾಯದ ಕಮ್ಯೂನಿನ ಹೊಲವಷ್ಟೇ. ಪಡಿತರ ಚೀಟಿ ಇಲ್ಲದೆ ಪಟ್ಟಣದಲ್ಲಿ ಒಂದು ಬಟ್ಟಲು ನೂಡಲ್ಸೂ ಸಿಗದಿದ್ದ ಕಾಲ. ಹಳ್ಳಿಯವರು ಪೇಟೆ ಸೇರದಂತೆ ತಡೆಯಲು ಇದಕ್ಕಿಂತ ಗಟ್ಟಿ ಬೇಲಿ ಬೇಕಿರಲಿಲ್ಲ. ಈ ಅಂತಸ್ತು ತಾಯಿಯಿಂದ ಮಗುವಿಗೆ ಇಳಿಯುತ್ತಿತ್ತು. ಅಪ್ಪ ನಗರದವನಾದರೂ ಅಮ್ಮ ಹಳ್ಳಿಯವಳಾದರೆ ಮಗು ಹಳ್ಳಿಯದೇ. 1998ರಲ್ಲಿ ಇದನ್ನು ಸಡಿಲಿಸಿದರು.

1978ರ ನಂತರದ ಆರ್ಥಿಕ ಸುಧಾರಣೆಯಲ್ಲಿ ಕರಾವಳಿಯ ಕಾರ್ಖಾನೆಗಳಿಗೆ ಕೈಗಳು ಬೇಕಾದವು, ಹಳ್ಳಿಯಲ್ಲಿ ಕೈಗಳು ಹೆಚ್ಚಾಗಿದ್ದವು. ಜನ ಹೊರಟರು, ಹುಕೌ ಹಳ್ಳಿಯಲ್ಲೇ ಉಳಿಯಿತು. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಶೆನ್‌ಜೆನ್‌ನಲ್ಲಿ 2020ರ ಹೊತ್ತಿಗೆ 1.76 ಕೋಟಿ ಜನ, ಅವರಲ್ಲಿ ಬಹುಮಂದಿಯ ಹುಕೌ ಬೇರೆಲ್ಲೋ ಇದೆ. ಆ ವರ್ಷ ದೇಶದಲ್ಲಿ ನಗರವಾಸಿಗಳು ಶೇ. 64, ನಗರದ ಹುಕೌ ಇದ್ದವರು ಶೇ. 45. ಹುಕೌ ಇರುವ ಊರು ಬಿಟ್ಟು ಬೇರೆಡೆ ಬದುಕುವವರನ್ನೆಲ್ಲ ಅಂಕಿಅಂಶದವರು ತೇಲುವ ಜನಸಂಖ್ಯೆ ಎನ್ನುತ್ತಾರೆ. 2020ರಲ್ಲಿ ಅವರು ಸುಮಾರು 37.6 ಕೋಟಿ. ಚೀನೀ ಹೊಸವರ್ಷದ ಮುಂಚೆ ರೈಲು ನಿಲ್ದಾಣಗಳಲ್ಲಿ ಚೀಲ, ಸೂಟ್‌ಕೇಸು, ಮಡಿಸುವ ಕುರ್ಚಿ ಹಿಡಿದು ಊರಿಗೆ ಹೊರಟು ನಿಲ್ಲುವವರು ಹೆಚ್ಚಾಗಿ ಇವರೇ. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಹಳ್ಳಿಯಲ್ಲಿ ಅಜ್ಜ-ಅಜ್ಜಿಯರ ಕೈಯಲ್ಲಿ ಬೆಳೆಯುತ್ತಾರೆ. ಜೊತೆಗೇ ಕರೆತಂದರೂ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಗಾವ್‌ಕಾವ್ ಬಂದಾಗ ಅನೇಕರು ಹುಕೌ ಇರುವ ಪ್ರಾಂತಕ್ಕೆ ಮರಳಬೇಕು. 2024ರಲ್ಲಿ ಆ ಪರೀಕ್ಷೆಗೆ ಹೆಸರು ಕೊಟ್ಟವರು 1.34 ಕೋಟಿ. ಬೀಜಿಂಗ್‌ನ ಹುಕೌ ಇರುವ ಮಗುವಿಗೆ ಅಲ್ಲಿನ ಹೆಸರಾಂತ ವಿಶ್ವವಿದ್ಯಾಲಯದ ಸೀಟು ಸಿಗುವ ಸಾಧ್ಯತೆ ಹೆನಾನ್‌ನ ಮಗುವಿಗಿಂತ ಎಷ್ಟೋ ಪಾಲು ಹೆಚ್ಚು.

ಬೇಲಿ ಈಗ ಅಲ್ಲಲ್ಲಿ ಕಿತ್ತಿದೆ. ಕೃಷಿಕ, ಕೃಷಿಕನಲ್ಲದವ ಎಂಬ ಭೇದವನ್ನು ಅಳಿಸುವುದಾಗಿ 2014ರಲ್ಲಿ ಪ್ರಕಟಿಸಿದರು. ಹುಕೌ ಇಲ್ಲದೇ ಉಳಿದಿದ್ದ, ಹೆಚ್ಚಾಗಿ ಅನುಮತಿಯಿಲ್ಲದೆ ಹುಟ್ಟಿದ, 1.3 ಕೋಟಿ ಜನರನ್ನು ಬರೆದುಕೊಳ್ಳಲು 2016ರಲ್ಲಿ ಆದೇಶವಾಯಿತು. ಅಲ್ಲಿಯವರೆಗೆ ಅವರಿಗೆ ಶಾಲೆಯೂ ಕಷ್ಟ, ರೈಲು ಟಿಕೆಟ್ಟೂ ಕಷ್ಟ. ಸಣ್ಣ ನಗರಗಳು ಹುಕೌ ಕೊಡಲು ತಾವೇ ಕರೆಯುತ್ತಿವೆ. ಬೀಜಿಂಗ್, ಶಾಂಘೈಗಳು ಮಾತ್ರ ಓದು, ತೆರಿಗೆ, ವಯಸ್ಸು ಎಲ್ಲಕ್ಕೂ ಅಂಕ ಹಾಕಿ, ಅಳೆದು ತೂಗಿ ಒಳಗೆ ಬಿಡುತ್ತವೆ. ಮದುವೆ ನೋಂದಣಿಗೆ ಹುಕೌ ಪುಸ್ತಕ ಬೇಕೇ ಬೇಕೆಂಬ ನಿಯಮ 2025ರ ಮೇ 10ರಂದು ಹೋಯಿತು. ಪುಸ್ತಕ ಅಪ್ಪ-ಅಮ್ಮನ ಪೆಟ್ಟಿಗೆಯಲ್ಲಿದ್ದ ಜೋಡಿಗಳಿಗೆ ಇದು ಸಣ್ಣ ವಿಷಯವಲ್ಲ. ಹೀಗಿದ್ದೂ ಚೀಟಿಯ ತಳದ 18 ಅಂಕಿಗಳಲ್ಲಿ ಮೊದಲ ಆರು, ಆ ವ್ಯಕ್ತಿಯನ್ನು ಮೊದಲು ನೋಂದಾಯಿಸಿದ ಊರಿನವು. ಹುಕೌ ಬದಲಾಯಿಸಿ ನೀವು ಶಾಂಘೈಯವರಾದರೂ ಆ ಆರು ಅಂಕಿ ಬದಲಾಗುವುದಿಲ್ಲ. ಮುಂದಿನ ಎಂಟು ಹುಟ್ಟಿದ ದಿನ. ಹದಿನೇಳನೆಯದು ಬೆಸವಾದರೆ ಗಂಡು, ಸಮವಾದರೆ ಹೆಣ್ಣು.

ನಮ್ಮ ವಾಂಗ್ 2023ರಲ್ಲಿ ಅರುವತ್ತು ತುಂಬಿದವರು. ಅವರೊಂದಿಗೆ ಆ ಮಹಾಪೂರದ ಕೋಟಿಗಟ್ಟಲೆ ಜನರಿಗೆ ಒಟ್ಟಿಗೇ ಅರುವತ್ತಾಗುತ್ತಿದೆ. 2024ರ ಕೊನೆಗೆ ಅರುವತ್ತು ದಾಟಿದವರು 31 ಕೋಟಿ. ಅದಕ್ಕೇ 2025ರಿಂದ ನಿವೃತ್ತಿ ವಯಸ್ಸನ್ನು ಹದಿನೈದು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಏರಿಸುತ್ತಿದ್ದಾರೆ: ಗಂಡಸರಿಗೆ 60ರಿಂದ 63, ಹೆಂಗಸರಿಗೆ ಕೆಲಸಕ್ಕೆ ತಕ್ಕಂತೆ 50ರಿಂದ 55 ಅಥವಾ 55ರಿಂದ 58. ವಾಂಗ್ ಇಪ್ಪತ್ತು ವರ್ಷ ಶೆನ್‌ಜೆನ್‌ನ ಹೊಲಿಗೆ ಕಾರ್ಖಾನೆಯಲ್ಲಿ ದುಡಿದಿದ್ದರೂ, ಅಲ್ಲಿ ಅವರ ಹೆಸರಲ್ಲಿ ಪಿಂಚಣಿ ಕಂತು ಕಟ್ಟಿರದಿದ್ದರೆ, ಚೀಟಿಯ ವಿಳಾಸದ ಪ್ರಕಾರ ಅವರಿಗೆ ಸಿಗುವುದು ಹಳ್ಳಿಯವರ ಪಿಂಚಣಿ. ಅದು ಸರಾಸರಿ ತಿಂಗಳಿಗೆ ಇನ್ನೂರು ಯುವಾನ್ ಚಿಲ್ಲರೆ. ಅದೇ ವರ್ಷ ಹುಟ್ಟಿ, ನಗರದ ಹುಕೌ ಇದ್ದು, ಕಾರ್ಖಾನೆಯ ಕಾಯಂ ನೌಕರಿಯಿಂದ ನಿವೃತ್ತಿಯಾದ ಇನ್ನೊಬ್ಬ ವಾಂಗ್‌ಗೆ ಮೂರು ಸಾವಿರಕ್ಕೂ ಮೇಲೆ.